ಮದುವೆ ಮಿಕ್ಸಿಂಗಿನಲ್ಲಿ ನಂದೀಶ್ವರಯ್ಯನವರು

ಶಿರಾದಲ್ಲಿ ಸತ್ತವರಿಗೆ ಕಟ್ಟು ಹಾಕುವವನು ನಾನು, ಮದುವೆಯಾದವರಿಗೆ ಮಿಕ್ಸಿಂಗ್ ಮಾಡುವವನು ಮುಜೀಬ್. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯನ್ನು ನಂಬಿಕೊಂಡು ಇಷ್ಟು ವರ್ಷ ಬಾಳಿದೆವು. ನನ್ನ ಕಡೆಯವರು ಅವನ ಕಡೆಗೆ ಹೋಗುವಂತಿರಲಿಲ್ಲ. ಅವನ ಕಡೆಯವರು ನನ್ನ ಕಡೆಗೆ ಬರುವುದಕ್ಕೆ ಇನ್ನೂ ಬೇಕಾದಷ್ಟು ಕಾಲವಿರುತ್ತಿತ್ತು.

ನನ್ನ ಹೆಸರು ಗಂಗಯ್ಯ. ಫೋಟೋಗೆ ಮುಂದೆ ಗಾಜು, ಹಿಂದೆ ರಟ್ಟು, ಸುತ್ತ ಕಟ್ಟು, ಮೇಲೊಂದು ಕೊಂಡಿ, ಇಷ್ಟೇ ನನ್ನ ಕೆಲಸ. ಯಾರ ಮನೆಯ ಗೋಡೆಯ ಮೇಲಾದರೂ ಹಿರಿಯರು ನೆಟ್ಟಗೆ ನೇತಾಡುತ್ತಿದ್ದರೆ ಅದು ನನ್ನ ಕೊಂಡಿ. ಓರೆಯಾಗಿದ್ದರೆ ಬೇರೆ ಯಾವನದೋ.

ಮುಜೀಬನ ಕೆಲಸ ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಫೋಟೋಗ್ರಾಫರುಗಳು ಮದುವೆಯಲ್ಲಿ ತೆಗೆದ ವಿಡಿಯೋ ತುಂಡುಗಳನ್ನು ತಂದು ಅವನ ಕಂಪ್ಯೂಟರಿಗೆ ಸುರಿಯುತ್ತಾರೆ. ಇವನು ಅದನ್ನು ಕತ್ತರಿಸಿ, ಜೋಡಿಸಿ, ನಾದಸ್ವರ ಹಾಕಿ, ಮೇಲಿಂದ ಗುಲಾಬಿ ದಳ ಉದುರಿಸಿ, ಪೆನ್‌ಡ್ರೈವಿಗೆ ತುಂಬಿ ಕೊಡುತ್ತಾನೆ. ಅದಕ್ಕೇ ನಮ್ಮ ಕಡೆ ಮಿಕ್ಸಿಂಗ್ ಅನ್ನುವುದು. ಮಧುಗಿರಿ, ಕೊರಟಗೆರೆ, ಪಾವಗಡದವರೂ ಇವನ ಹತ್ತಿರವೇ ಬರುತ್ತಾರೆ. ನಾಲ್ಕು ತಾಲ್ಲೂಕಿನ ಮದುವೆಗಳಲ್ಲಿ ಒಂದೇ ಗುಲಾಬಿ ಗಿಡದ ದಳ ಉದುರುತ್ತದೆ ಎಂದು ನಾನು ಆಡಿಕೊಳ್ಳುವುದುಂಟು.

ಮಿಕ್ಸಿಂಗ್ ಮಾಡುವವನು ಮಿಕ್ಸಿಂಗ್ ಮಾಡಿಕೊಂಡು ತೆಪ್ಪಗಿರಬೇಕಿತ್ತು. ಇವನು ಯೂಟ್ಯೂಬಿನಲ್ಲಿ ಯಾರದೋ ಪಾಠ ನೋಡಿ, ಎರಡು ದಿನ ಗಡ್ಡ ಸವರಿಕೊಂಡು, ಮೂರನೇ ದಿನ ತಾನೇ ಗುರುವಾಗಿಬಿಟ್ಟ. 'ಮಿಕ್ಸಿಂಗ್ ಮಿತ್ರರು' ಎಂದು ವಾಟ್ಸಾಪ್ ಗುಂಪು ಕಟ್ಟಿದ. ದಿನಾ ಬೆಳಗ್ಗೆ ಅಂಗಡಿಯ ಬಾಗಿಲೆತ್ತಿದ ಕೂಡಲೇ ಫೋನಿಗೆ ಬಾಯಿಟ್ಟು ಉಪದೇಶ. ಗುಂಪಿನವರು ಕೇಳುತ್ತಿದ್ದರೋ ಇಲ್ಲವೋ, ಗೋಡೆಯ ಈಚೆ ನನಗಂತೂ ಕೇಳದೆ ವಿಧಿಯಿರಲಿಲ್ಲ.

"ದೋಸ್ತರೇ, ಇವತ್ತಿನ ಟಿಪ್. ಫೋಲ್ಡರಿಗೆ ಮದುವೆ, ನಾಮಕರಣ ಅಂತ ಹೆಸ್ರು ಇಡಬ್ಯಾಡಿ. ಊರಿನ ಹೆಸ್ರು ಇಡಿ. ಪಾರ್ಟಿ ಬಂದು ಕೇಳೋದೇ ಊರಿನ ಹೆಸ್ರಲ್ಲಿ. ಒಂದು ಮನೆದು ಏನೇ ಬರ್ಲಿ, ಎಲ್ಲಾ ಒಂದೇ ಫೋಲ್ಡರಿಗೆ ಹಾಕ್ಬುಡಿ."

ಮರುದಿನ ಇನ್ನೊಂದು.

"ಸ್ಕ್ರೀನು ಕೆಂಪಗಾಗಿ, ಫೈಲು ಕಾಣ್ತಿಲ್ಲ ಅಂತ ಬಂದ್ರೆ ಹೆದರ್ಕೋಬ್ಯಾಡಿ. ಮಿಷನ್ನು ಯಾವ ನಂಬರ್ ಕೇಳ್ತದೋ ಅದೇ ನಂಬರ್ ಫೈಲ್ ತೋರ್ಸಿ. ಒಪ್ಕೊಳ್ತದೆ. ಮಿಷನ್ ಒಪ್ಕೊಂಡ್ರೆ ಕೆಲಸ ಖತಂ."

"ಮಿಷನ್ ಒಪ್ಪಿದ್ರೆ ಆಯ್ತೇನ್ಲಾ? ಮನುಷ್ಯರು ಒಪ್ಪದು ಬ್ಯಾಡ್ವಾ?" ಎಂದು ನಾನು ಈಚೆಯಿಂದ ಕೂಗಿದೆ.

"ಗಂಗಣ್ಣ, ರೆಕಾರ್ಡಿಂಗ್ ನಡೀತಾ ಐತೆ!" ಎಂದು ಅವನು ಆಚೆಯಿಂದ ಕೂಗಿದ. ಅದೂ ರೆಕಾರ್ಡ್ ಆಗಿ ನಾಲ್ಕು ತಾಲ್ಲೂಕಿಗೆ ಹೋಯಿತು.

ಈಗ ನಂದೀಶ್ವರಯ್ಯನವರ ವಿಷಯಕ್ಕೆ ಬರೋಣ. ಅವರು ಕಳ್ಳಂಬೆಳ್ಳದಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸಿದವರು. ದೊಡ್ಡ ಆಳು, ದೊಡ್ಡ ಧ್ವನಿ. ಲೋಕದಲ್ಲಿ ಅವರು ಹೆದರುತ್ತಿದ್ದದ್ದು ಫ್ಯಾನಿಗೆ ಮಾತ್ರ. ಫ್ಯಾನಿನ ಗಾಳಿ ತಾಕಿದರೆ ಅವರಿಗೆ ಕತ್ತು ಹಿಡಿಯುತ್ತಿತ್ತು. ನನ್ನ ಅಂಗಡಿಗೆ ಬಂದರೆ ಮಾತಿಗೆ ಮೊದಲು ತಾವೇ ಗೋಡೆಗೆ ಕೈ ಹಾಕಿ ಫ್ಯಾನ್ ಆರಿಸಿಬಿಡುತ್ತಿದ್ದರು. ನಾನು ಬೆವರು ಒರೆಸಿಕೊಳ್ಳುತ್ತ ಕೂರಬೇಕು. ಗಿರಾಕಿ ಎಂದು ಸುಮ್ಮನಿದ್ದೆ, ಇಲ್ಲದಿದ್ದರೆ ಎರಡು ಮಾತು ಅಂದೇಬಿಡುತ್ತಿದ್ದೆ.

ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಅವರ ಮನೆತನದ ಪದ್ಧತಿಯಂತೆ ಮಲಗಿಸಲಿಲ್ಲ, ಕುರ್ಚಿಯಲ್ಲಿ ಕೂರಿಸಿದರು. ಹಣೆಗೆ ವಿಭೂತಿ, ತಲೆಗೆ ಪೇಟ, ಹೆಗಲಿಗೆ ಹಸಿರಂಚಿನ ಶಾಲು, ಕೊರಳಿಗೆ ಹಾರ. ಬಂದವರೆಲ್ಲ ಕಾಲಿಗೆ ನಮಸ್ಕಾರ ಮಾಡಿ ಹೋದರು. ನಾನೂ ಹೋಗಿ ಬಗ್ಗಿ ಬಂದೆ. ಅದೇ ವಾರ ಮಗ ಮಲ್ಲೇಶ ಅಪ್ಪನದೊಂದು ಹರೆಯದ ಫೋಟೋ ತಂದುಕೊಟ್ಟ. ಕರೀ ಮೀಸೆ, ಬೈತಲೆ ತೆಗೆದ ಕ್ರಾಪು. ಸತ್ತವರಿಗೂ ಫೋಟೋಗೂ ಸಂಬಂಧವೇ ಇರಲಿಲ್ಲ, ಆದರೂ ಕಟ್ಟು ಹಾಕಿಕೊಟ್ಟೆ.

ಈ ವರ್ಷ ಮಲ್ಲೇಶನ ಮಗಳು ಭುವನಾಳ ಮದುವೆಯಾಯಿತು. ಗಂಡಿನ ಕಡೆಯವರು ಪಾವಗಡದವರು. ಮದುವೆ ನಡೆದದ್ದು ಶಿರಾದಲ್ಲೇ, ನನ್ನ ಅಂಗಡಿಯಿಂದ ನಡೆದುಕೊಂಡು ಹೋಗುವಷ್ಟು ದೂರದ ಕಲ್ಯಾಣ ಮಂಟಪದಲ್ಲಿ. ನನ್ನನ್ನು ಕರೆಯಲಿಲ್ಲ. ಸಾವಿಗೆ ಹೇಳಿ ಕಳಿಸಿದವರಿಗೆ ಮದುವೆಗೆ ಕರೆಯಲು ನೆನಪಾಗಲಿಲ್ಲ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಸುಮ್ಮನೆ ಹೇಳಿದೆ, ಮುಂದೆ ಕಥೆಗೆ ಬೇಕಾಗುತ್ತದೆ.

ಪಾವಗಡದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಭುವನಾ ಹೇಳಿದ್ದು, ಮಲ್ಲೇಶ ಹೇಳಿದ್ದು ಎರಡನ್ನೂ ಜೋಡಿಸಿ ಹೇಳುತ್ತಿದ್ದೇನೆ. ನಾನೂ ಒಂದು ಮಿಕ್ಸಿಂಗ್ ಮಾಡಿದೆ ಅಂದುಕೊಳ್ಳಿ.

ಮುಜೀಬ್ ಪೆನ್‌ಡ್ರೈವನ್ನು ಮೊದಲು ಗಂಡಿನ ಮನೆಗೆ ಕಳಿಸಿದ. ಭುವನಾಳ ಅತ್ತೆ, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವ ಕೊಲ್ಲಾಪುರಮ್ಮನವರು, ಒಂದು ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು, ಹುರಿದ ಕಡಲೆಕಾಯಿ ಮುಂದಿಟ್ಟುಕೊಂಡು, ಟಿವಿ ಹಾಕಿಸಿದರು. ಧಾರೆಯಾಯಿತು, ಅಕ್ಷತೆಯಾಯಿತು. ಆಮೇಲೆ ನಾದಸ್ವರ ಜೋರಾಗಿ, ಗುಲಾಬಿ ದಳ ಉದುರಿ, ದಳಗಳ ನಡುವೆ ಒಬ್ಬ ಹಿರಿಯರು ಕಾಣಿಸಿಕೊಂಡರು. ಪೇಟ, ಶಾಲು, ಹಾರ. ಕಣ್ಣು ಅರೆ ಮುಚ್ಚಿದೆ. ಜನ ಬಂದು ಬಂದು ಪಾದಕ್ಕೆ ಬೀಳುತ್ತಿದ್ದಾರೆ. ಅವರು ಅಲುಗುತ್ತಿಲ್ಲ.

"ಅಬ್ಬಬ್ಬಾ, ಮುಖದಾಗೆ ಏಮಿ ಕಳೆ ನೋಡಿ!" ಎಂದರು ಕೊಲ್ಲಾಪುರಮ್ಮ. "ಇಷ್ಟು ಜನ ಬಿದ್ರೂ ಕಣ್ಣೇ ಬುಡ್ತಾ ಇಲ್ಲ. ಧ್ಯಾನದಾಗೆ ಅವ್ರೆ. ಇಂಥಾ ಪೆದ್ದಾಯನ, ಇಂಥಾ ದೊಡ್ಡೋರು ಬಂದಿದ್ರೆ ನಮಗೆ ಒಂದು ಮಾತು ಹೇಳಬಾರದಾ ಬೀಗರು?"

ಆ ಕಡೆಯವರಿಗೆ ಕೂರಿಸುವ ಪದ್ಧತಿ ಗೊತ್ತಿಲ್ಲ ಎಂದಲ್ಲ. ಆದರೆ ನಾದಸ್ವರ ಕೇಳುತ್ತ, ಕಡಲೆಕಾಯಿ ತಿನ್ನುತ್ತ ಇರುವಾಗ ಯಾರ ಬುದ್ಧಿಯೂ ಆ ಕಡೆಗೆ ಹೋಗುವುದಿಲ್ಲ. ಹೋಗಲೂಬಾರದು.

ಕೊಲ್ಲಾಪುರಮ್ಮ ಅಲ್ಲಿಂದಲೇ ಮಲ್ಲೇಶನಿಗೆ ಫೋನು ಹಚ್ಚಿದರು. ಮಲ್ಲೇಶ ಇನ್ನೂ ವಿಡಿಯೋ ನೋಡಿರಲಿಲ್ಲ. ಪೇಟ, ವಿಭೂತಿ, ಪಾದಕ್ಕೆ ಬೀಳುವ ಜನ ಎಂದಾಗ ಅವನು ಮದುವೆಗೆ ಬಂದು ಹೋಗಿದ್ದ, ತಮ್ಮ ಹೊಲದ ಪಕ್ಕದ ಮಠದ ಗುರುಗಳು ಅಂದುಕೊಂಡ.

"ಓ, ಅವ್ರಾ! ಅವ್ರು ಮಾತು ಕಮ್ಮಿ ಕಣಮ್ಮ. ಮೌನ ಜಾಸ್ತಿ."

"ಊಟ ಆದ್ರೂ ಮಾಡುದ್ರಾ ಬೀಗರೇ?"

"ಎಲ್ಲೀ ಊಟ! ಅವ್ರು ಏನೂ ಮುಟ್ಟಲ್ಲ."

"ಈಗ ಎಲ್ಲವ್ರೆ?"

"ಇಲ್ಲೇ, ನಮ್ಮ ಹೊಲದ ಪಕ್ಕದಾಗೇ."

"ನಮ್ಮನೆಗೂ ಕರ್ಕೊಂಬನ್ನಿ. ಪಾದಪೂಜೆ ಮಾಡ್ತೀನಿ."

"ಆಗ್ಲಮ್ಮ. ನೀವು ಕರುದ್ರೆ ಬಂದೇ ಬತ್ತಾರೆ."

ಕೊಲ್ಲಾಪುರಮ್ಮನಿಗೆ ಸಮಾಧಾನವಾಯಿತು. ಹಿರಿಯರು ಕಾಣುವ ಕಡೆ ಟಿವಿಯನ್ನು ನಿಲ್ಲಿಸಿ, ಒಳಗಿದ್ದ ಸೊಸೆಯನ್ನು ಕೂಗಿದರು. "ಭುವನಾ, ಬಾಮ್ಮ, ನಿಮ್ಮ ಗುರುಗಳನ್ನ ನೋಡು. ಮನೆಗೆ ಬರ್ತಾರಂತೆ."

ಭುವನಾ ಸೌಟು ಹಿಡಿದುಕೊಂಡೇ ಬಂದಳು. ಟಿವಿ ನೋಡಿದಳು. ಸೌಟು ನೆಲಕ್ಕೆ ಬಿತ್ತು.

"ತಾತ!"

"ಯಾರ ತಾತ?"

"ನಮ್ಮ ತಾತ ಅತ್ತೆ. ಹೋದ್ವರ್ಷ ತೀರ್ಕೊಂಡ್ರಲ್ಲ, ನಂದೀಶ್ವರಯ್ಯ ತಾತ."

ಹೆಂಗಸರ ಕೈಯ ಕಡಲೆಕಾಯಿ ಬಾಯಿಗೆ ಹೋಗಲಿಲ್ಲ. ಕೊಲ್ಲಾಪುರಮ್ಮ ಮೆಲ್ಲಗೆ ತಿರುಗಿ ಬೀದಿ ಬಾಗಿಲು ನೋಡಿದರು. ಅದು ತೆರೆದೇ ಇತ್ತು.

"ಅಯ್ಯೋ ದೇವುಡಾ... ಕರುದ್ರೆ ಬಂದೇ ಬರ್ತಾರೆ ಅಂದ್ರಲ್ಲೇ ನಿಮ್ಮಪ್ಪ! ನಾನು ಕರೆದ್ಬುಟ್ನಲ್ಲೇ!"

ಒಬ್ಬಳು ಓಡಿಹೋಗಿ ಬಾಗಿಲು ಹಾಕಿದಳು. ಇನ್ನೊಬ್ಬಳು ಟಿವಿ ಆರಿಸಲು ರಿಮೋಟು ಒತ್ತಿದಳು. ಕೈಗೆ ಯಾವ ಗುಂಡಿ ಸಿಕ್ಕಿತೋ, ಚಿತ್ರ ಅಲ್ಲೇ ಸಿಕ್ಕಿಕೊಂಡು, ನಾದಸ್ವರ ಮಾತ್ರ ಶುರುವಾಯಿತು. ಮತ್ತೆ ಎಷ್ಟು ಒತ್ತಿದರೂ ನಿಲ್ಲಲಿಲ್ಲ. ವೈರು ಕೀಳಬೇಕೆಂದರೆ ಟಿವಿಯ ಹತ್ತಿರ ಹೋಗಬೇಕು, ಹತ್ತಿರ ಹೋಗಲು ಆಳಿಲ್ಲ. ಕೊನೆಗೆ ದೂರದಿಂದಲೇ ಒಂದು ಟವೆಲನ್ನು ಬೀಸಿ ಟಿವಿಯ ಮೇಲೆ ಎಸೆದರು. ಅದು ಟಿವಿಯ ಮೇಲಿನ ಅರ್ಧಕ್ಕೆ ಮಾತ್ರ ಬಿತ್ತು. ಕರೆಂಟು ಹೋಗುವವರೆಗೂ ಟವೆಲಿನ ಕೆಳಗಿಂದ ಎರಡು ಪಾದ ಕಾಣುತ್ತಿದ್ದವು, ನಾದಸ್ವರ ನುಡಿಯುತ್ತಿತ್ತು.

ಮರುದಿನ ನಿಡುಗಲ್ಲಿನ ಕಡೆ ಶಾಸ್ತ್ರ ಹೇಳುವವರೊಬ್ಬರನ್ನು ಕೇಳಿದರಂತೆ. "ಹೋದವರು ಮದುವೆಗೆ ಬರೋದು ಎರಡೇ ಕಾರಣಕ್ಕೆ. ಒಂದು ಹರಸೋಕೆ, ಇನ್ನೊಂದು ಈ ಸಂಬಂಧ ಬ್ಯಾಡ ಅನ್ನೋಕೆ. ಯಾವುದು ಅಂತ ಗೊತ್ತಾಗೋವರೆಗೂ ಹುಡುಗಿ ತವರಲ್ಲಿರಲಿ" ಎಂದು ಅವರು ಹೇಳಿ ಕಳಿಸಿದರು. ಭುವನಾಳನ್ನು ಬ್ಯಾಗು, ಆ ಪೆನ್‌ಡ್ರೈವಿನ ಸಮೇತ ಕಳ್ಳಂಬೆಳ್ಳಕ್ಕೆ ತಂದು ಬಿಟ್ಟರು. ಗಂಡ, ಪಾಪ, ಬಸ್ಸಿನ ಕಿಟಕಿಯವರೆಗೂ ಬಂದ. ಆಮೇಲೆ ತಾಯಿಯ ಮುಖ ನೋಡಿ ಅಲ್ಲೇ ನಿಂತ. ಮದುವೆಯ ಅರಿಶಿನ ಇನ್ನೂ ಆ ಮಗುವಿನ ಕೈಯಿಂದ ಪೂರ್ತಿ ಹೋಗಿರಲಿಲ್ಲ.

ಆಮೇಲೆ ಮಲ್ಲೇಶ ನಮ್ಮಲ್ಲಿಗೆ ಓಡಿಬಂದ. ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಿರಲಿಲ್ಲ.

"ಮುಜೀಬಣ್ಣ, ನಮ್ಮಪ್ಪ ಬಂದ್ಬುಟ್ಟವ್ರೆ!"

"ಬರ್ಲಿ ಬರ್ಲಿ, ಕೂರ್ಸಿ. ಚಾ ತರ್ಸ್ತೀನಿ" ಎಂದ ಮುಜೀಬ್, ಕಂಪ್ಯೂಟರಿನಿಂದ ತಲೆಯೆತ್ತದೆ.

ಮಲ್ಲೇಶ ಹೊಸ್ತಿಲ ಮೇಲೆ ಕುಸಿದು ಕೂತು ನಡೆದದ್ದೆಲ್ಲ ಹೇಳಿದ. ಮುಜೀಬ್ "ಯಾ ಅಲ್ಲಾ" ಎಂದು, ಮಲ್ಲೇಶ ತಂದಿದ್ದ ಪೆನ್‌ಡ್ರೈವ್ ಹಾಕಿದ. ನಾನೂ ಗೋಡೆ ಬಳಸಿಕೊಂಡು ಬಂದು ಅವರ ಹಿಂದೆ ನಿಂತೆ. ಮಲ್ಲೇಶ ಬೆರಳ ಸಂದಿಯಿಂದ ನೋಡುತ್ತಿದ್ದ. ಅಪ್ಪ ಹೋದ ದಿನವೂ ಅವನು ಅತ್ತು ಅತ್ತು ಏನನ್ನೂ ಸರಿಯಾಗಿ ಕಂಡಿರಲಿಲ್ಲ, ಈ ದಿನವೂ ಕಾಣಲಿಲ್ಲ.

ದಳ ಉದುರಿತು. ನಂದೀಶ್ವರಯ್ಯನವರು ಬಂದರು. ಅವರೇ, ಸಂಶಯವಿಲ್ಲ. ಇದೇ ಮನುಷ್ಯ ನನ್ನ ಗೋಡೆಯ ಮೇಲಿದ್ದ ಫ್ಯಾನಿನ ಸ್ವಿಚ್ಚಿಗೆ ಎಷ್ಟು ಸಲ ಕೈ ಹಾಕಿದ್ದಾರೆ! ಜನ ಬಗ್ಗುತ್ತಿದ್ದರು. ಒಬ್ಬ ದಪ್ಪಗಿನವನು ಬಗ್ಗಿದ, ಒಬ್ಬಳು ಮುದುಕಿ ಬಗ್ಗಿದಳು. ಆಮೇಲೆ ಒಂದು ಬೋಳುತಲೆ ಬಗ್ಗಿ, ಎದ್ದು, ಕ್ಯಾಮೆರಾ ಕಡೆ ತಿರುಗಿತು.

ಅದು ನಾನು.

"ಲೇ ಮುಜೀಬ, ನಿಲ್ಸು, ನಿಲ್ಸು! ಅಲ್ಲಿರೋದು ನಾನು ಕಣ್ಲಾ!"

"ಹೂಂ ಮತ್ತೆ, ನೀವು ಮದ್ವೆಗೆ ಬಂದಿದ್ರಲ್ಲ ಗಂಗಣ್ಣ" ಎಂದ ಮಲ್ಲೇಶ.

"ಎಲ್ಲಿ ಬಂದಿದ್ದೆ? ನನ್ನ ಕರೆದೇ ಇಲ್ವಲ್ಲೋ ನೀನು!"

"ಕರೆದಿದ್ನಲ್ಲ."

"ಕರೆದಿಲ್ಲ!"

"ಬಂದಿದ್ದೀರಲ್ಲ, ಇಲ್ಲೇ ಕಾಣ್ತೈತಲ್ಲ!"

ನಾನು ಇಲ್ಲಿ ನಿಂತಿದ್ದೇನೆ, ಅಲ್ಲಿ ಬಗ್ಗಿದ್ದೇನೆ, ಹೋಗದ ಮದುವೆಯಲ್ಲಿ, ಸತ್ತವರ ಕಾಲಿಗೆ. ಮುಜೀಬ್ ಮೆಲ್ಲಗೆ ಕಣ್ಣು ಕೆಳಗೆ ಮಾಡಿ ನನ್ನ ಪಾದ ನೋಡಿದ. ಹಿಂದುಮುಂದಾಗಿವೆಯೋ ಎಂದು ನೋಡುತ್ತಿದ್ದ, ಕಳ್ಳ. ಸುಳ್ಳು ಯಾಕೆ, ಅವನು ನೋಡಿದ ಮೇಲೆ ನಾನೂ ಒಂದು ಸಲ ನೋಡಿಕೊಂಡೆ. ಪಾದ ಮುಂದಕ್ಕೇ ಇದ್ದವು. ಆಮೇಲೆ ಬುದ್ಧಿ ಕೆಲಸ ಮಾಡಿತು. ನಂದೀಶ್ವರಯ್ಯನವರ ಪಾದಕ್ಕೆ ನಾನು ಬಗ್ಗಿದ್ದು ಜೀವಮಾನದಲ್ಲಿ ಒಂದೇ ದಿನ.

"ಲೇ, ಇದು ಮದುವೆ ಅಲ್ಲ ಕಣ್ಲಾ. ಇದು ಅವರು ಹೋದ ದಿನ."

ಮುಜೀಬ್ ಮೌಸ್ ಹಿಡಿದು ಹುಡುಕಿದ. ಹುಡುಕಿ, ತಲೆಗೆ ಕೈ ಹೊತ್ತ. ವಿಷಯ ಇಷ್ಟೇ. ಹೋದ ವರ್ಷ ಆ ಮನೆಯ ಸಾವಿನ ವಿಡಿಯೋ ಜೋಡಿಸಿಕೊಟ್ಟವನೂ ಇವನೇ. ಈ ವರ್ಷದ ಮದುವೆಯೂ ಇವನದೇ. ತನ್ನ ಉಪದೇಶದಂತೆ ಎರಡನ್ನೂ 'ಕಳ್ಳಂಬೆಳ್ಳ ಮಲ್ಲೇಶ್' ಎಂಬ ಒಂದೇ ಫೋಲ್ಡರಿಗೆ ತುಂಬಿದ್ದ. ಹಳೆಯ ಹಾರ್ಡ್‌ಡಿಸ್ಕ್ ತುಂಬಿದಾಗ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ, ಹಳೆಯದನ್ನು ಫೋಟೋಗ್ರಾಫರಿಗೆ ವಾಪಸು ಕೊಟ್ಟ. ಮದುವೆಯ ಒಂದೇ ಒಂದು ತುಂಡು ಸಾಗದೆ ಉಳಿಯಿತು. ಸ್ಕ್ರೀನು ಕೆಂಪಗಾಯಿತು, ಮಿಷನ್ನು ನಂಬರ್ ಕೇಳಿತು. ಫೋಲ್ಡರಿನಲ್ಲಿ ಅದೇ ನಂಬರಿನ ಫೈಲು ಇತ್ತು, ತೋರಿಸಿದ. ಕ್ಯಾಮೆರಾದವರು ಕಾರ್ಡು ಖಾಲಿ ಮಾಡಿದಾಗಲೆಲ್ಲ ನಂಬರು ಮತ್ತೆ ಒಂದರಿಂದ ಶುರುವಾಗುತ್ತದೆ, ಆದ್ದರಿಂದ ಸಾವಿನ ತುಂಡಿಗೂ ಮದುವೆಯ ತುಂಡಿಗೂ ಒಂದೇ ನಂಬರು. ಮಿಷನ್ ಒಪ್ಪಿಕೊಂಡಿತು. ಅಳುವಿನ ಸದ್ದು ಹೋಗಿ, ಮೊದಲೇ ಹಾಕಿಟ್ಟಿದ್ದ ನಾದಸ್ವರವೂ ಗುಲಾಬಿ ದಳವೂ ಹಾಗೇ ಅವರ ಮೇಲೆ ಬಿದ್ದವು. ಶಾಮಿಯಾನದವನೂ ಎರಡಕ್ಕೂ ಒಬ್ಬನೇ, ಬಟ್ಟೆಯೂ ಅದೇ. ಇವನು ತಿರುಗಿ ನೋಡದೆ ಪೆನ್‌ಡ್ರೈವಿಗೆ ತುಂಬಿಬಿಟ್ಟ.

"ಹಂಗಾದ್ರೆ ದೆವ್ವ ಅಲ್ಲ?" ಎಂದ ಮಲ್ಲೇಶ.

"ಅಲ್ಲ ಅಣ್ಣ. ನನ್ನ ತಪ್ಪು. ಬರ್ತೀನಿ, ಅವರ ಮುಂದೆ ನಾನೇ ಹೇಳ್ತೀನಿ."

ಮಲ್ಲೇಶ ಯೋಚಿಸಿದ. ಯೋಚಿಸುತ್ತ ಯೋಚಿಸುತ್ತ ಮೊದಲಿಗಿಂತ ಹೆಚ್ಚು ಹೆದರಿದ.

"ಬ್ಯಾಡ ಕಣಪ್ಪ! ದೆವ್ವ ಅಂತಾನೇ ಇರ್ಲಿ. ದೆವ್ವ ಆದ್ರೆ ಹರಸೋಕೆ ಬಂದಿತ್ತು ಅನ್ಬೋದು. ಸಾವಿನ ಮನೇದು ತಂದು ಮದ್ವೆಗೆ ಸೇರ್ಸವ್ರೆ ಅಂದ್ರೆ ಆಯಮ್ಮ ನನ್ನ ಮಗಳನ್ನ ಜನ್ಮದಾಗೆ ಕರ್ಕೊಳಲ್ಲ."

"ಸುಳ್ಳು ಹೇಳಿ ಕಳ್ಸೋಕಾಗ್ತದಾ ಅಣ್ಣ? ಆ ಮಗು ದಿನಾ ಹೆದರ್ಕೊಂಡೇ ಬಾಳ್ಬೇಕಾಗ್ತದೆ. ನನ್ನ ಮಗಳು ಸಮ್ರೀನ್‌ಗೆ ಹಿಂಗಾಗಿದ್ರೆ ನಾನು ಏನು ಮಾಡ್ತಿದ್ದೆ?" ಎಂದ ಮುಜೀಬ್. ಅವನು ಅಳುವುದನ್ನು ನಾನು ನೋಡಿರಲಿಲ್ಲ, ಅವತ್ತು ನೋಡಿದೆ.

ಭಾನುವಾರ ಬೀಗರು ಕಳ್ಳಂಬೆಳ್ಳಕ್ಕೆ ಬಂದು ತೀರ್ಮಾನ ಹೇಳುತ್ತಾರೆ ಎಂದಾಯಿತು. ಸರಿಯಾದ ತುಂಡು ಇದ್ದ ಹಳೆಯ ಹಾರ್ಡ್‌ಡಿಸ್ಕು ಮಧುಗಿರಿಯ ಫೋಟೋಗ್ರಾಫರ್ ಹತ್ತಿರ ಇತ್ತು. ಅವತ್ತೇ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದ.

ಅಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಊರೆಲ್ಲ ಸುತ್ತಿತು. ಶನಿವಾರ ಬೆಳಗ್ಗೆ ನೋಡುತ್ತೇನೆ, ಜನ ಮುಜೀಬನ ಅಂಗಡಿಯ ಮುಂದೆ ಸಾಲು ನಿಂತಿದ್ದಾರೆ, ಕಂಕುಳಲ್ಲಿ ನಾನೇ ಹಾಕಿಕೊಟ್ಟ ಕಟ್ಟುಗಳು! ದೊಡ್ಡೇರಿಯಿಂದ ಬಂದವನೊಬ್ಬ, "ಸಾಬ್ರೇ, ಮದ್ವೆ ವಿಡಿಯೋದಾಗೆ ನಮ್ಮಪ್ಪನ್ನ ಊಟದ ಪಂಕ್ತಿಲಿ ಕೂರ್ಸಿ. ಪಾಯಸ ಅಂದ್ರೆ ಪ್ರಾಣ. ಎರಡು ಸಲ ಬಡಿಸ್ದಂಗೆ ಮಾಡ್ಬುಡಿ" ಎನ್ನುತ್ತಿದ್ದ. ಇನ್ನೊಬ್ಬಳು, "ನಮ್ಮತ್ತೆನ ತೋರ್ಸಿ, ಆದ್ರೆ ದೂರದಲ್ಲಿ ತೋರ್ಸಿ" ಎಂದಳು. ಮುಜೀಬ್ ಬಾಗಿಲು ಅರ್ಧ ಇಳಿಸಿ ಒಳಗೆ ಕೂತ. 'ಮಿಕ್ಸಿಂಗ್ ಮಿತ್ರರು' ಗುಂಪಿನಲ್ಲಿ ಪಾವಗಡದವನೊಬ್ಬ, "ಗುರುಗಳೇ, ಈ ಟಿಪ್ ನಮಗೂ ಹೇಳಿ" ಎಂದು ಕೇಳಿದ್ದ. ಅವತ್ತು ಮೊದಲ ಬಾರಿಗೆ ಗೋಡೆಯ ಆಚೆಯಿಂದ ಉಪದೇಶ ಕೇಳಿಸಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಕಳ್ಳಂಬೆಳ್ಳದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಯಿಂದ ಹಾರ್ಡ್‌ಡಿಸ್ಕ್ ಇಳಿಸಿಕೊಂಡೆವು, ಹಳೇ ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಬಿಚ್ಚಿ ನೋಡುವಷ್ಟು ಹೊತ್ತಿರಲಿಲ್ಲ, ಬೀಗರು ಆಗಲೇ ಬಂದು ಕೂತಿದ್ದರು. ಕೊಲ್ಲಾಪುರಮ್ಮನವರ ಮಡಿಲಲ್ಲಿ ನಿಂಬೆಹಣ್ಣುಗಳಿದ್ದವು. ಪಕ್ಕದಲ್ಲಿ ಅವರ ಯಜಮಾನರು, ಹೆಂಡತಿ ಮಾತಾಡುವವರೆಗೂ ಮಾತಾಡುವ ಅಭ್ಯಾಸವಿಲ್ಲದವರು. ಗೋಡೆಯ ಮೇಲೆ ನನ್ನ ಕಟ್ಟಿನೊಳಗೆ ಕರೀ ಮೀಸೆಯ ನಂದೀಶ್ವರಯ್ಯನವರು ನೆಟ್ಟಗೆ ನೇತಾಡುತ್ತಿದ್ದರು. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಭುವನಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಬ್ಯಾಗು ಅವಳ ಕಾಲ ಬಳಿ ಹಾಗೇ ಇತ್ತು. ಅದನ್ನು ಅವಳು ಬಂದ ದಿನದಿಂದ ಬಿಚ್ಚಿಯೇ ಇರಲಿಲ್ಲವಂತೆ.

ಒಳಕೋಣೆಯಿಂದ ಅಜ್ಜಿ ಶಿವರುದ್ರಮ್ಮನವರನ್ನು ಕೈಹಿಡಿದು ಕರೆತಂದರು. ನಂದೀಶ್ವರಯ್ಯನವರ ಹೆಂಡತಿ. ಮನೆಯವರೆಲ್ಲ ಹೆದರಿ ವಿಡಿಯೋ ಮುಟ್ಟದಿದ್ದಾಗ ಈಯಮ್ಮ ಒಬ್ಬರೇ ಕೂತು ದಿನಾ ಆ ತುಂಡನ್ನು ಹಾಕಿಸಿಕೊಂಡು ನೋಡುತ್ತಿದ್ದರೆಂದು ಮಲ್ಲೇಶ ಪಿಸುಗುಟ್ಟಿದ. "ಒಂದು ಮಾತೂ ಆಡಲ್ಲ ಗಂಗಣ್ಣ. ಸುಮ್ನೆ ನೋಡ್ತಾರೆ" ಎಂದ.

ಮುಜೀಬ್ ನಿಂತುಕೊಂಡು, ಕೈಮುಗಿದು, ಎಲ್ಲ ಹೇಳಿದ. ಫೋಲ್ಡರು, ನಂಬರು, ಕೆಂಪು ಸ್ಕ್ರೀನು, ಏನೂ ಬಿಡಲಿಲ್ಲ.

ಕೊಲ್ಲಾಪುರಮ್ಮ ಎದ್ದರು. ನಿಂಬೆಹಣ್ಣು ನೆಲದ ಮೇಲೆ ಉರುಳಿದವು.

"ಅಂದ್ರೆ... ನಾನು ಕಳೆ ಕಳೆ ಅಂತ ಹೊಗಳಿದ್ದು... ಪೀನುಗನಾ? ಹೆಣಾನಾ? ನನ್ನ ಮಗನ ಮದುವೆ ಮಧ್ಯದಾಗೆ ಸಾವಿನ ಮನೆ ತಂದು ಇಟ್ಟಿದ್ದೀರಾ? ದೆವ್ವ ಆದ್ರೂ ಪರವಾಗಿರಲಿಲ್ಲ! ಏವಂಡಿ, ಏಳ್ರಿ. ಈ ಸಂಬಂಧ ವದ್ದು, ಬ್ಯಾಡವೇ ಬ್ಯಾಡ."

ಯಜಮಾನರು ಎದ್ದರು. ಮಲ್ಲೇಶ ಅಡ್ಡ ಬಿದ್ದ. ಮುಜೀಬ್ "ಅಮ್ಮಾ, ನನ್ನ ಬಯ್ಯಿರಿ, ಹುಡುಗಿ ಏನು ಮಾಡ್ತು?" ಎಂದ. ಭುವನಾ ಅಳಲಿಲ್ಲ. ಬ್ಯಾಗನ್ನು ಮೆಲ್ಲಗೆ ಕಾಲಿನಿಂದ ಒಳಗೆ ತಳ್ಳಿದಳು. ನನಗೆ ಅಳು ಬಂದದ್ದು ಅದನ್ನು ನೋಡಿ.

ಆಗ ಶಿವರುದ್ರಮ್ಮ ಬಾಯಿ ತೆರೆದರು. ಕೂಗಲಿಲ್ಲ, ಮೆಲ್ಲಗೆ ಕೇಳಿದರು.

"ಹಂಗಾರೆ, ಅವರಿದ್ದ ಜಾಗದಲ್ಲಿ ನಿಜವಾಗ್ಲೂ ಏನಿತ್ತಪ್ಪ?"

ತಪ್ಪಿಹೋದ ತುಂಡು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಮುಜೀಬನಿಗೂ ನೆನಪಿರಲಿಲ್ಲ. ಸೀಸನ್ನಿನಲ್ಲಿ ಅವನ ಕಣ್ಣ ಮುಂದೆ ಹಾದು ಹೋಗುವ ಮದುವೆಗಳಲ್ಲಿ ಯಾವುದು ಯಾರದೆಂದು ಅವನ ಹೆಂಡತಿಯ ಮೇಲಾಣೆ ಅವನಿಗೆ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪ್ ತೆರೆದು, ಡಿಸ್ಕಿನ ಪೇಪರು ಹರಿದು, ವೈರು ಚುಚ್ಚಿದ. ಸಾವಿನ ತುಂಡನ್ನು ತೆಗೆದ. ಸ್ಕ್ರೀನು ಕೆಂಪಗಾಯಿತು. ಹೊರಟು ನಿಂತಿದ್ದ ಕೊಲ್ಲಾಪುರಮ್ಮ ಕೂಡ ನಿಂತಲ್ಲೇ ಕತ್ತು ಚಾಚಿದರು. ಮುಜೀಬ್ ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡು, ಈ ಸಲ ತಾರೀಖು ನೋಡಿ, ಮತ್ತೆ ನೋಡಿ, ಸರಿಯಾದ ಫೈಲು ತೋರಿಸಿದ.

ದಳ ಉದುರಿತು. ನಾದಸ್ವರ ಎದ್ದಿತು. ದಳಗಳ ನಡುವೆ ಒಂದು ಖಾಲಿ ಕುರ್ಚಿ ಕಾಣಿಸಿತು.

ಮಂಟಪದ ಒಂದು ಮೂಲೆ. ಕುರ್ಚಿಯ ಬೆನ್ನಿಗೆ ಹಸಿರಂಚಿನ ಶಾಲು ಹೊದಿಸಿತ್ತು. ಸೀಟಿನ ಮೇಲೆ ಒಂದು ಪೇಟ, ಮುಂದೆ ಒಂದು ಜೊತೆ ಚಪ್ಪಲಿ. ಸುತ್ತ ಯಾರೂ ಇರಲಿಲ್ಲ.

"ನಾನೇ ಹಾಕ್ಸಿದ್ದು" ಎಂದರು ಶಿವರುದ್ರಮ್ಮ. "ಅವರು ಹೋದ ದಿನ ನಾನು ಕಾಲು ಮುರ್ಕೊಂಡು ತುಮಕೂರಲ್ಲಿ ಆಸ್ಪತ್ರೆಲಿದ್ದೆ. ಮುಖಾನೂ ನೋಡ್ಲಿಲ್ಲ, ಆ ದಿನದ ವಿಡಿಯೋನೂ ಯಾರೂ ತೋರ್ಸ್ಲಿಲ್ಲ. ಮೊಮ್ಮಗಳ ಮದ್ವೆಲಿ ಒಂದು ಜಾಗ ಆದ್ರೂ ಇರ್ಲಿ ಅಂತ ಹಾಕ್ಸಿದ್ದೆ. ಗದ್ದಲದಲ್ಲಿ ದೊಡ್ಡೋರು ಯಾರೂ ಆ ಕಡೆ ನೋಡ್ಲಿಲ್ಲ, ಮಲ್ಲೇಶನೂ ನೋಡ್ಲಿಲ್ಲ." ಆಮೇಲೆ ಮುಜೀಬನ ಕಡೆ ತಿರುಗಿ, "ನಿನ್ ದೆಸೆಯಿಂದ ನಾನು ಅವರ ಕೊನೇ ಮುಖ ನೋಡ್ದೆ ಕಣಪ್ಪ. ನಿನ್ನ ಬಯ್ಯೋಕೆ ನಂಗೆ ಬಾಯಿ ಬರಲ್ಲ" ಎಂದರು.

ಮುಜೀಬ್ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಮಿಷನ್ನು ಕೇಳಿದ್ದು ಕುರ್ಚಿಯನ್ನು. ಮುಜೀಬ್ ಗೊತ್ತಿಲ್ಲದೆ ಕೊಟ್ಟದ್ದು ಆ ಕುರ್ಚಿಯಲ್ಲಿ ಕೂರಬೇಕಾಗಿದ್ದವರನ್ನು.

ವಿಡಿಯೋ ಇನ್ನೂ ಓಡುತ್ತಿತ್ತು. ಮದುವೆ ಸೀರೆಯಲ್ಲಿ ಭುವನಾ ಒಬ್ಬಳೇ ಬಂದಳು. ಕುರ್ಚಿಯ ಮುಂದೆ ಮಂಡಿಯೂರಿ, ಚಪ್ಪಲಿಗಳ ಮೇಲೆ ಹಣೆಯಿಟ್ಟಳು. ಆಗ ಕುರ್ಚಿಯ ಬೆನ್ನಿನ ಮೇಲಿದ್ದ ಶಾಲಿನ ತುದಿ ಎದ್ದಿತು. ಗಡಿಬಿಡಿಯಿಲ್ಲದೆ ಮುಂದಕ್ಕೆ ಬಂದು ಅವಳ ತಲೆಯ ಮೇಲೆ ಕೂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಇಳಿಯಿತು. ಅದೇ ಶಾಲು ಅವರ ಹೆಗಲ ಮೇಲಿದ್ದ ದಿನ ಒಂದಿಷ್ಟೂ ಅಲುಗಿರಲಿಲ್ಲ.

ಕೊಲ್ಲಾಪುರಮ್ಮ ಕೇಳಿದರು, "ಗಾಳಿ ಅಲ್ವಾ ಅದು? ಫ್ಯಾನ್ ಗಾಳಿ?"

"ಹೂಂ, ಫ್ಯಾನ್ ಗಾಳಿನೇ ಇರ್ಬೇಕು" ಎಂದ ಮಲ್ಲೇಶ, ಬೇಗ ಬೇಗ.

"ಅಲ್ಲ" ಎಂದರು ಶಿವರುದ್ರಮ್ಮ. "ಕುರ್ಚಿ ಮೇಲಿನ ಫ್ಯಾನು ನಾನೇ ನಿಂತ್ಕಂಡು ಆರ್ಸಿದ್ದೆ. ಅವರಿಗೆ ಫ್ಯಾನು ಆಗ್ತಿರ್ಲಿಲ್ವಲ್ಲ."

ಮುಜೀಬ್ ವಿಡಿಯೋವನ್ನು ಹಿಂದಕ್ಕೆ ತಂದು, ಮೇಲಿನ ಭಾಗವನ್ನು ದೊಡ್ಡದು ಮಾಡಿ ಮತ್ತೆ ಓಡಿಸಿದ. ಫ್ಯಾನು ಇತ್ತು. ಮೂರೂ ರೆಕ್ಕೆಗಳು ಬೇರೆ ಬೇರೆಯಾಗಿ, ನಿಂತು ಕಾಣುತ್ತಿದ್ದವು. ನಾನು ತಡೆಯಲಾರದೆ ಗೋಡೆಯ ಮೇಲಿನ ಕಟ್ಟನ್ನು ನೋಡಿದೆ. ಕರೀ ಮೀಸೆಯ ಮುಖದಲ್ಲಿ ನಾನು ಹಿಂದೆ ಕಾಣದಿದ್ದ ಒಂದು ಸಮಾಧಾನವಿತ್ತು, ಅಥವಾ ಗಾಜಿನ ಹೊಳಪಿರಬಹುದು.

ಕೊಲ್ಲಾಪುರಮ್ಮ ಹೊರಟರು. ಬೀದಿ ಬಾಗಿಲಿಗೆ ಹೋಗುತ್ತಾರೆ ಎಂದುಕೊಂಡೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಹತ್ತಿರ ಹೋಗಿ, ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ಚು ಆರಿಸಿದರು. ಅದು ಗರಗರ ಅಂದು, ನಿಧಾನವಾಗಿ, ನಿಂತಿತು.

"ಭುವನಾ, ಬ್ಯಾಗು ತಗೊಂಬಾಮ್ಮ" ಎಂದರು. "ಸಂಜೆ ಬಸ್ಸಿಗೆ ಮನೆಗೆ ಹೋಗಾನ. ನಿಮ್ಮ ತಾತ ಒಪ್ಕೊಂಡವ್ರೆ."

ಬಿರು ಬೇಸಿಗೆಯ ಮಧ್ಯಾಹ್ನ. ನಾವೆಲ್ಲ ಬೆವರು ಸುರಿಸಿಕೊಂಡು, ಕೊಟ್ಟ ಕಾಫಿ ಕುಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ಕೂತಿದ್ದೆವು. ಫ್ಯಾನು ಹಾಕಿ ಎಂದು ಯಾರೂ ಕೇಳಲಿಲ್ಲ.